ಬೇಲಿಯಿಲ್ಲದ ಹೊಲಗಳ ಊರು ಲ್ಯಾಕ್ಸ್‌ಟನ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ, ಟಕ್ಸ್‌ಫರ್ಡ್ ಹತ್ತಿರದ ಪುಟ್ಟ ಹಳ್ಳಿ ಲ್ಯಾಕ್ಸ್‌ಟನ್. ಬೀದಿ ದಾಟಿ ಹೊಲಕ್ಕಿಳಿದರೆ ರೈತರ ತಾಕುಗಳ ನಡುವೆ ಬೇಲಿಯೂ ಕಾಣದು, ಬದುವೂ ಕಾಣದು. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಕಾನೂನುಗಳು ಉಳಿದ ಬಹುಪಾಲು ಊರುಗಳ ಹೊಲಗಳಿಗೆ ಬೇಲಿ ಹಾಕಿಸಿದವು. ಆದರೆ ಇಲ್ಲಿ ಸೌತ್, ಮಿಲ್, ವೆಸ್ಟ್ ಎಂಬ ಮೂರು ದೊಡ್ಡ ಬಯಲುಗಳು ಪಟ್ಟಿಪಟ್ಟಿಯಾಗಿಯೇ ಉಳಿದಿವೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು.

ಪಟ್ಟಿಗಳು ಉದ್ದವಾಗಿರಲು ಕಾರಣ ಇಲ್ಲಿಯ ಕೆಂಪು ಜೇಡಿಮಣ್ಣು. ಭಾರದ ನೇಗಿಲಿಗೆ ಹೂಡಿದ ಎತ್ತುಗಳ ಸಾಲನ್ನು ಪದೇಪದೇ ತಿರುಗಿಸುವುದು ಕಷ್ಟ. ಹಾಗಾಗಿ 220 ಗಜ ಉದ್ದ, 22 ಗಜ ಅಗಲದ ತುಂಡು ಲೆಕ್ಕಕ್ಕೆ ಬಂತು. ಅದೇ ಒಂದು ಎಕರೆ. ನಮ್ಮ ಪಹಣಿಯ 40 ಗುಂಟೆಯೂ ಅಷ್ಟೇ ನೆಲ.

1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ನಕ್ಷೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಟ್ಟಿಗಳಿವೆ. ಹೊಲ ಉಳುವವರ ಪುಟ್ಟ ಚಿತ್ರಗಳೂ ಇವೆ. ಮೂಲಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಟ್ಟಿಗಳನ್ನು ಕೂಡಿಸಿ ಸಂಖ್ಯೆ ಇಳಿಸಿದರು, ಆದರೆ ಪದ್ಧತಿ ಮುರಿಯಲಿಲ್ಲ.

ಅದನ್ನು ಕಾಯುತ್ತಿರುವುದು ಊರಿನದೇ ನ್ಯಾಯಸಭೆ, ಕೋರ್ಟ್ ಲೀಟ್. ಬೇಲಿಯಿಲ್ಲದ ಕಡೆ ಒತ್ತುವರಿ ಸುಲಭ. ವರ್ಷಕ್ಕೊಂದು ಸಾಲು ಹೆಚ್ಚು ಉತ್ತರೆ ಸಾಕು, ದಾರಿಯೇ ಹೊಲವಾಗಿಬಿಡುತ್ತದೆ. ಅದಕ್ಕೇ ನವೆಂಬರ್ ಕೊನೆಯ ಹೊತ್ತಿಗೆ ಪಂಚರು ಗೋಧಿ ಬಿತ್ತಿದ ಬಯಲನ್ನು ನಡೆದು ನೋಡುತ್ತಾರೆ, ದಾರಿಯ ಅಂಚಿಗೆ ಮರದ ಗೂಟ ಹೊಡೆಯುತ್ತಾರೆ. ಗೂಟದ ಆಚೆ ಉತ್ತವನಿಗೆ ದಂಡ. ಸುಮಾರು ಒಂದು ವಾರದ ನಂತರ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಸಭೆ ಸೇರಿ ತೀರ್ಮಾನಿಸುತ್ತಾರೆ. ದಂಡದ ಮೊತ್ತ ಚಿಕ್ಕದಾದರೂ ನೆರೆಯವರೆದುರು ಹೆಸರು ಕೂಗಿಸಿಕೊಳ್ಳುವುದು ಚಿಕ್ಕ ವಿಷಯವಲ್ಲ.

1952ರಲ್ಲಿ ಸರ್ಕಾರವೇ ಈ ಹೊಲಗಳಿರುವ ಎಸ್ಟೇಟನ್ನು ಕೊಂಡಿತು, 1981ರಲ್ಲಿ ಅದು ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಖಾಸಗಿ ಒಡೆತನದ ಥೋರ್ಸ್‌ಬಿ ಎಸ್ಟೇಟಿಗೆ.

ನೋಡಲು ಹೋಗುವವರು ಪಬ್ಬಿನ ಪಕ್ಕದ ಮಾಹಿತಿ ಕೇಂದ್ರದಿಂದ ಶುರು ಮಾಡಿ. ಊರಿನ ಉತ್ತರಕ್ಕೆ, ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕೋಟೆಯ ಮಣ್ಣದಿಬ್ಬವಿದೆ, ಕಲ್ಲು ಉಳಿದಿಲ್ಲ. ಮಳೆ ಬಿದ್ದಾಗ ಜೇಡಿ ಬೂಟಿಗೆ ಹಿಡಿದು ಹೆಜ್ಜೆ ಕೀಳುವುದೇ ಕಷ್ಟ. ಜೂನ್ ಒಳ್ಳೆಯದು. ಆಗ ತಗ್ಗಿನ ಸೈಕ್‌ಗಳು, ಅಂದರೆ ಒದ್ದೆಯೆಂದು ಉಳದೆ ಬಿಟ್ಟ ಹುಲ್ಲುಗಾವಲುಗಳು, ಹೂ ಬಿಟ್ಟಿರುತ್ತವೆ. ಅವುಗಳ ಹುಲ್ಲನ್ನು ಪ್ರತಿ ಬೇಸಿಗೆಯಲ್ಲೂ ಹರಾಜು ಹಾಕುತ್ತಾರೆ, ಕೊಯ್ಲಿಗೆ ಮುನ್ನ ಹೋದರೆ ಹೂಗಳು ನೋಡಲು ಸಿಗುತ್ತವೆ.