ಟೂಲ್ ಬಾಕ್ಸ್ ಮುಚ್ಚಳದ ಒಳಗಿನ ಮರೂನ್

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಆ ದಿನ ಮೈಸೂರಿನಲ್ಲಿ ಸಾಲುಗಟ್ಟಿ ನಿಲ್ಲುವ ಹಳೆಯ ಜಾವಾ ಬೈಕುಗಳನ್ನು ನಿಧಾನವಾಗಿ ನೋಡುತ್ತಾ ಹೋದರೆ ಮರೂನ್‌ನಲ್ಲಿ ಎಷ್ಟು ಬಗೆಯಿದೆ ಎಂದು ಗೊತ್ತಾಗುತ್ತದೆ. ಒಂದು ಕಂದಿನ ಕಡೆಗೆ ವಾಲಿರುತ್ತದೆ, ಇನ್ನೊಂದು ನೇರಳೆಯ ಕಡೆಗೆ, ಮತ್ತೊಂದು ಯಾವುದೋ ಹೊಸ ಕಾರಿನಿಂದ ಇಳಿದು ಬಂದಂತಿರುತ್ತದೆ. ಯಾರನ್ನೇ ಕೇಳಿ, ಉತ್ತರ ಒಂದೇ: "ಒರಿಜಿನಲ್ ಬಣ್ಣ ಮೇಡಂ." ಅಷ್ಟೂ ಒರಿಜಿನಲ್ ಆಗಿರಲು ಹೇಗೆ ಸಾಧ್ಯ? ಬಹುಪಾಲು ಗಾಡಿಗಳ ಬಣ್ಣ ಇಲ್ಲಿನ ಯಾದವಗಿರಿಯಲ್ಲಿದ್ದ ಜಾವಾ ಕಾರ್ಖಾನೆಯದ್ದಲ್ಲ, ಪೇಂಟ್ ಅಂಗಡಿಯ ಶೇಡ್ ಕಾರ್ಡಿನದ್ದು ಎಂಬುದು ನನ್ನ ಗುಮಾನಿ. 2018ರಲ್ಲಿ ಜಾವಾ ಹೆಸರಿನ ಹೊಸ ಬೈಕುಗಳು ಬಂದ ಮೇಲಂತೂ ಅವುಗಳ ಮರೂನನ್ನೇ ಹಳೆಯ ಗಾಡಿಗೂ ಹೊಡೆಸುವವರಿದ್ದಾರೆ.

ನಾನು ದಂತವೈದ್ಯೆ. ಬಣ್ಣ ಹೊಂದಿಸುವುದು ನನಗೆ ದಿನನಿತ್ಯದ ಕೆಲಸ. ಮುಂಭಾಗದ ಹಲ್ಲಿಗೆ ಹಾಕುವ ಕ್ಯಾಪ್ ಪಕ್ಕದ ಹಲ್ಲಿನೊಂದಿಗೆ ಬೆರೆಯದಿದ್ದರೆ ರೋಗಿ ಜೀವನವಿಡೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾರೆ. ಹಾಗಾಗಿ ನಮಗೆ ಕೆಲವು ಕಟ್ಟುನಿಟ್ಟುಗಳಿವೆ: ಕಿಟಕಿಯ ಬೆಳಕಿನಲ್ಲಿ ನೋಡಬೇಕು, ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಬಾರದು, ಕಣ್ಣು ದಣಿದಾಗ ಬೂದು ಬಣ್ಣದ ಕಾರ್ಡ್ ನೋಡಿ ಸುಧಾರಿಸಿಕೊಳ್ಳಬೇಕು. ದಿಟ್ಟಿಸಿದಷ್ಟೂ ಕಣ್ಣು ಆ ಬಣ್ಣಕ್ಕೆ ಒಗ್ಗಿಹೋಗಿ ಎಲ್ಲವೂ ಸರಿಯಾಗಿದೆ ಎಂದೇ ಹೇಳತೊಡಗುತ್ತದೆ. ಈ ಅಭ್ಯಾಸಗಳು ಮೋಟಾರ್ ಸೈಕಲ್ಲಿಗೂ ಬಂದಾವು ಎಂದು ಎಣಿಸಿರಲಿಲ್ಲ.

ಗಾಡಿ ನನ್ನ ಸೋದರಮಾವನದ್ದು, 1968ರ ಜಾವಾ 250. ಹುಣಸೂರಿನ ಹತ್ತಿರ ಅವರ ಹೊಲದಲ್ಲಿ ಬಳಕೆ ತಪ್ಪಿದ ಹೊಗೆಸೊಪ್ಪಿನ ಬ್ಯಾರನ್ ಒಂದಿದೆ. ಎಲೆ ಬೇಯಿಸಲೆಂದು ಕಟ್ಟಿದ ಗೋಡೆಗಳು, ಮಳೆಗಾಲದಲ್ಲೂ ಒಳಗೆ ತೇವ ಬರುವುದಿಲ್ಲ. ಗಾಡಿ ಅಲ್ಲಿ ವರ್ಷಗಟ್ಟಲೆ ನಿಂತಿತ್ತು, ತುಕ್ಕು ಅದನ್ನು ಅಷ್ಟಾಗಿ ತಿಂದಿರಲಿಲ್ಲ. ಆದರೆ ಎಂಬತ್ತರ ದಶಕದಲ್ಲಿ ಮಾವ ತಾವೇ ಬ್ರಷ್ ಹಿಡಿದು ಇಡೀ ಗಾಡಿಗೆ ಕಪ್ಪು ಎನಾಮೆಲ್ ಬಳಿದಿದ್ದರು. ಯಾಕೆ ಮಾವ ಎಂದು ಕೇಳಿದರೆ, "ಕಿಟಕಿ ಸರಳುಗಳಿಗೆ ತಂದಿದ್ದು ಮಿಕ್ಕಿತ್ತು ಕಣಮ್ಮ" ಎಂದರು. ಆ ಜಿಪುಣತನಕ್ಕೆ ಈಗ ಕೈ ಮುಗಿಯುತ್ತೇನೆ. ಕಪ್ಪು ಪದರದ ಕೆಳಗೆ ಮರೂನ್ ಅಂದಿನಿಂದ ಬಿಸಿಲು ಕಾಣದೆ ಉಳಿದಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಜಾವಾ ಮೂಲತಃ ಚೆಕ್ ಕಂಪನಿ. 1929ರಲ್ಲಿ ಯಾನೆಚೆಕ್ (ಬರೆಯುವುದು Janeček) ಎಂಬಾತ ಜರ್ಮನಿಯ ವಾಂಡರರ್ ಬೈಕಿನ ವಿನ್ಯಾಸವನ್ನು ಕೊಂಡುಕೊಂಡ, ಎರಡೂ ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಇರಾನಿ ಎಂಬ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಿಂದ ಗಾಡಿಗಳು ಹೊರಬಂದವು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಈ ಗಾಡಿಯಲ್ಲಿ ಗೇರ್ ಹಾಕುವ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಮೊದಲ ಬಾರಿ ನೋಡಿದವರು ಕಿಕ್ಕರ್ ಎಲ್ಲಿ ಎಂದು ಗಾಡಿಯನ್ನು ಒಂದು ಸುತ್ತು ಹಾಕುವುದುಂಟು.

ಬಣ್ಣಕ್ಕೆ ಬರೋಣ. ಸಾಮಾನ್ಯವಾಗಿ ಗ್ಯಾರೇಜಿನಲ್ಲಿ ಮಾಡುವ ಮೊದಲ ಕೆಲಸ ಪೇಂಟ್ ರಿಮೂವರ್ ಬಳಿದು ಎಲ್ಲವನ್ನೂ ಕೆರೆದು ಹಾಕುವುದು. ಕೆರೆದರೆ ಸಾಕ್ಷಿಯೇ ಹೋಯಿತು. ನಾನು ಹಿಂದಿನ ಮಡ್‌ಗಾರ್ಡಿನಲ್ಲಿ ಸೀಟಿನ ಕೆಳಗೆ ಬರುವ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲವನ್ನು ನೀರು ಹಾಕಿಕೊಂಡು 1000 ನಂಬರಿನ ಉಪ್ಪುಕಾಗದದಿಂದ ಉಜ್ಜುತ್ತಾ ಹೋದೆ. ನಡುವೆ ಆಳ, ಅಂಚಿಗೆ ಬಂದಂತೆ ತೆಳು. ಪದರಗಳು ಬಳೆಗಳಂತೆ ಒಂದರೊಳಗೊಂದು ತೆರೆದುಕೊಂಡವು: ಹೊರಗೆ ಮಾವನ ಕಪ್ಪು, ಅದರೊಳಗೆ ಅಗಲವಾದ ಮರೂನ್, ಆಮೇಲೆ ಕೂದಲೆಳೆಯಷ್ಟು ಬೂದು ಪ್ರೈಮರ್, ನಟ್ಟನಡುವೆ ತಗಡು. ಮರೂನ್ ಬಳೆ ಒಂದೇ ಇತ್ತು. ಎಂದರೆ ಕಾರ್ಖಾನೆಯ ಬಣ್ಣದ ಮೇಲೆ ಕಪ್ಪು ಬಿಟ್ಟರೆ ಬೇರೆ ಯಾರ ಕೈಯೂ ಆಡಿರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಟೂಲ್ ಬಾಕ್ಸ್ ಮುಚ್ಚಳದ ಒಳಬದಿಗೆ ಮಾವನ ಬ್ರಷ್ ಹೋಗಿರಲಿಲ್ಲ. ಅಲ್ಲಿಯ ಮರೂನ್ ಮಡ್‌ಗಾರ್ಡಿನದಕ್ಕಿಂತ ಗಾಢವಾಗಿ, ತುಸು ಕಂದಾಗಿ ಕಾಣುತ್ತಿತ್ತು. ಯಾವುದನ್ನು ನಂಬುವುದು? ಒಳಬದಿಯ ಮೇಲೆ ದಶಕಗಳ ಎಣ್ಣೆಯ ಹೊಗೆ ಕೂತಿರುತ್ತದೆ. ಮಡ್‌ಗಾರ್ಡಿನದು ಕಪ್ಪು ಬೀಳುವ ಮುಂಚೆ ಹನ್ನೆರಡು ವರ್ಷವಾದರೂ ಹೊರಗಿದ್ದದ್ದು, ಕೆಂಪು ಬಣ್ಣ ಬಿಸಿಲಿಗೆ ಬೇಗ ಸೋಲುತ್ತದೆ. ಮುಚ್ಚಳದ ಒಂದು ಮೂಲೆಯನ್ನು ಸೋಪಿನ ನೀರಿನಿಂದ ತೊಳೆದು ರಬ್ಬಿಂಗ್ ಕಾಂಪೌಂಡ್ ಹಾಕಿ ಹತ್ತಿಯಿಂದ ತಿಕ್ಕಿದಾಗ ಕಂದು ಹತ್ತಿಗೆ ಬಂತು. ಕೆಳಗಿದ್ದದ್ದು ಮಡ್‌ಗಾರ್ಡಿನ ಬಣ್ಣವೇ, ಆದರೆ ಇನ್ನೂ ಒಂದು ಪಾಲು ತುಂಬಿದ್ದು. ಅದನ್ನೇ ಮಾದರಿ ಎಂದು ಇಟ್ಟುಕೊಂಡೆ.

ಪೇಂಟ್ ಅಂಗಡಿಯಲ್ಲಿ ಬಣ್ಣ ಓದುವ ಯಂತ್ರವಿದೆ. ಮುಚ್ಚಳದ ಆ ಮೂಲೆಗೆ ಒತ್ತಿ ಹಿಡಿದರೆ ಯಾವ ಬಣ್ಣ ಎಷ್ಟು ಗ್ರಾಂ ಎಂದು ಚೀಟಿ ಕೊಡುತ್ತದೆ. ಅದು ಕೊಟ್ಟ ಬಣ್ಣ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಮುಚ್ಚಿ ಒಪ್ಪುವಂತಿತ್ತು. ಹೊರಗೆ ಬಂದರೆ ನೇರಳೆ ಎದ್ದು ನಿಂತಿತು. ಒಂದು ಬೆಳಕಿನಲ್ಲಿ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದು ಹಲ್ಲಿನ ಕೆಲಸದಲ್ಲೂ ನಮ್ಮನ್ನು ಕಾಡುವ ಸಂಗತಿಯೇ. ಬಣ್ಣ ಹೊಂದಿದ್ದರೂ ಒಳಗಿನ ಪುಡಿಗಳು ಬೇರೆ ಬೇರೆ. ಕೊನೆಗೆ ತಗಡಿನ ತುಂಡುಗಳ ಮೇಲೆ ಹೊಡೆದು, ಕ್ಲಿನಿಕ್ಕಿನ ತಾರಸಿಯ ಮೇಲೆ ಮುಚ್ಚಳದ ಪಕ್ಕದಲ್ಲಿಟ್ಟು ಬೆಳಗಿನ ಬೆಳಕಿನಲ್ಲಿ ನೋಡುತ್ತಾ, ಕೆಂಪು ಆಕ್ಸೈಡ್ ಒಂದಿಷ್ಟು ಸೇರಿಸುತ್ತಾ ಹೋದೆವು. ನನ್ನ ಕಾಂಪೌಂಡರ್ ಹುಡುಗಿ ಒಮ್ಮೆ ಬಂದು ನೋಡಿ "ಎರಡೂ ಒಂದೇ ಅಲ್ವಾ ಮೇಡಂ" ಎಂದಳು. ಅವಳು ಆ ಮಾತು ಯಾವಾಗ ಹೇಳುತ್ತಾಳೋ ಎಂದೇ ಕಾಯುತ್ತಿದ್ದೆ.

ಬಣ್ಣಕ್ಕಿಂತ ಹೆಚ್ಚು ಜಗಳವಾದದ್ದು ಹೊಳಪಿನ ಬಗ್ಗೆ. ಆ ಕಾಲದಲ್ಲಿ ಬೈಕಿನ ತಗಡಿಗೆ ಎನಾಮೆಲ್ ಹೊಡೆದು ಒಲೆಯಲ್ಲಿ ಸುಡುವುದು ರೂಢಿ. ಅದರ ಹೊಳಪು ಬಣ್ಣದ ಮೈಯದೇ, ಮೇಲೆ ಬೇರೆ ಪದರವಿಲ್ಲ. ಈಗಿನ ಕ್ರಮದಲ್ಲಿ ಬಣ್ಣದ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆಯುತ್ತಾರೆ. ಗಾಡಿ ಸದಾ ಮಳೆಯಲ್ಲಿ ನೆನೆದಂತೆ, ಗಾಜಿನ ಹಿಂದೆ ನಿಂತಂತೆ ಕಾಣುತ್ತದೆ. "ಡಾಕ್ಟರಮ್ಮ, ಇಷ್ಟು ದುಡ್ಡು ಕೊಟ್ಟು ಮಂಕು ಬಣ್ಣ ಹೊಡೆಸುತ್ತೀರಾ? ನನ್ನ ಹೆಸರು ಕೆಡುತ್ತದೆ" ಎಂದರು ಪೇಂಟಿಂಗ್ ಮೇಸ್ತ್ರಿ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಲ್ಯಾಕರ್ ಇದ್ದರೆ ಬಿಸಿಲನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೂ ನಾನು ಒಪ್ಪಲಿಲ್ಲ. ಲ್ಯಾಕರ್ ಇಲ್ಲದೆ ಬಣ್ಣದಲ್ಲೇ ಹೊಳಪಿರುವ ಪೇಂಟನ್ನು ಹೊಡೆಸಿ, ಒಣಗಿದ ಮೇಲೆ ಕೈಯಲ್ಲೇ ಪಾಲಿಶ್ ಮಾಡಿಸಿದೆ. ಪುಟ್ಟಿ ಕೂಡ ಹಾಗೆಯೇ: ಹೊಡೆತ ಬಿದ್ದ ಕಡೆ ಮಾತ್ರ. ಮಡ್‌ಗಾರ್ಡಿನ ಒಳಗೆ ವೆಲ್ಡಿಂಗ್ ಚುಕ್ಕೆಗಳು ಕಾಣಬಾರದೆಂದು ಪುಟ್ಟಿ ತುಂಬಿ ನುಣ್ಣಗೆ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಚುಕ್ಕೆಗಳು ಯಾದವಗಿರಿಯ ಯಾವನೋ ಕೆಲಸಗಾರನ ಕೈ.

ಕ್ರೋಮ್ ವಿಷಯದಲ್ಲೂ ಇದೇ ಅತಿ. ಜಾವಾದ ಟ್ಯಾಂಕಿನ ಪಕ್ಕಗಳು, ಸೈಲೆನ್ಸರ್, ರಿಮ್ ಕ್ರೋಮ್. ಎಂಜಿನ್ನಿನ ಮುಚ್ಚಳಗಳು ಬಫ್ ಮಾಡಿದ ಅಲ್ಯೂಮಿನಿಯಂ, ಅಷ್ಟೆ. ನಟ್ಟು ಬೋಲ್ಟುಗಳು ಮಂಕಾದ ಬಿಳಿ ಲೇಪನದವು. ಅವನ್ನೆಲ್ಲ ಬುಟ್ಟಿಗೆ ಹಾಕಿ ಕ್ರೋಮ್ ಮಾಡಿಸಿಕೊಂಡು ಬರುವವರೇ ಹೆಚ್ಚು. ನಾನು ಸತುವಿನ ಲೇಪನ ಮಾಡಿಸಿದೆ, ಹಳದಿ ಬೇಡ ಬಿಳಿ ಇರಲಿ ಎಂದು ಒತ್ತಿ ಹೇಳಬೇಕಾಯಿತು. ಟ್ಯಾಂಕಿಗೆ ಕ್ರೋಮ್ ಮಾಡಿಸುವವರಿಗೆ ಒಂದು ಎಚ್ಚರಿಕೆ: ಹಳೆಯ ಲೇಪನ ಬಿಡಿಸಲು ಆಸಿಡ್‌ನಲ್ಲಿ ಅದ್ದಿದಾಗ ತುಕ್ಕು ತಿಂದ ಕಡೆ ಸೂಜಿ ತೂತುಗಳು ಬಾಯಿ ಬಿಡುತ್ತವೆ. ಮೊದಲೇ ಟ್ಯಾಂಕಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿಸಿ, ತೂತುಗಳಿಗೆ ಬೆಸುಗೆ ಹಾಕಿಸಿ. ಹೊಳಪೆಲ್ಲ ಮೇಲಿನ ಕ್ರೋಮ್‌ನದು ಎಂದುಕೊಳ್ಳುತ್ತೇವೆ. ಕ್ರೋಮ್ ಒಂದು ಮೈಕ್ರಾನಿಗಿಂತಲೂ ತೆಳು. ತುಕ್ಕು ತಡೆಯುವುದೂ ಮೈಗೆ ನಯ ಕೊಡುವುದೂ ಕೆಳಗಿನ ನಿಕ್ಕಲ್. ಅಗ್ಗದ ಕೆಲಸದಲ್ಲಿ ಕಡಿತವಾಗುವುದು ಆ ನಿಕ್ಕಲ್ಲೇ. ಮೊದಲ ಮಳೆಗಾಲ ಕಳೆದ ಮೇಲಷ್ಟೇ ಅದು ಗೊತ್ತಾಗುತ್ತದೆ.

ಇನ್ನು ಬಂಗಾರದ ಗೆರೆ. ಕ್ರೋಮ್ ಮುಗಿದು ಮರೂನ್ ಶುರುವಾಗುವಲ್ಲಿ ಒಂದು ಸಣ್ಣ ಗೆರೆ ಓಡುತ್ತದೆ. ಈಗ ಅಂಟಿಸುವ ಸ್ಟಿಕ್ಕರ್ ಸಿಗುತ್ತದೆ, ಎರಡೂ ತುದಿಗೆ ಒಂದೇ ಅಗಲ, ನಿರ್ಜೀವ. ನನ್ನ ಟ್ಯಾಂಕಿನಲ್ಲಿ ಉಳಿದಿದ್ದ ಗೆರೆಯ ತುಣುಕನ್ನು ಕ್ಲಿನಿಕ್ಕಿನ ಕ್ಯಾಲಿಪರ್ ಇಟ್ಟು ಅಳೆದೆ: ನೇರ ಓಡುವಲ್ಲಿ ಮೂರು ಮಿಲಿಮೀಟರಿಗೆ ಕೊಂಚ ಕಡಿಮೆ, ತಿರುವಿನಲ್ಲಿ ಕೊಂಚ ಹೆಚ್ಚು. ಕುಂಚ ತಿರುಗುವಾಗ ಕೂದಲು ಅಗಲವಾಗಿದೆ. ಫ್ಲೆಕ್ಸ್ ಬರುವ ಮೊದಲು ಮಂಡಿ ಮೊಹಲ್ಲಾದ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರು ಕೈಯಲ್ಲೇ ಗೆರೆ ಎಳೆದುಕೊಡಲು ಒಪ್ಪಿಕೊಂಡರು. ಅವರ ಕುಂಚದ ಕೂದಲು ನನ್ನ ಹೆಬ್ಬೆರಳಿಗಿಂತ ಉದ್ದ. ಬಣ್ಣದಲ್ಲಿ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಎರಡೂ ಮಗ್ಗುಲು ಸವರಿ ಚಪ್ಪಟೆ ಮಾಡಿಕೊಂಡರು. ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಊರಿ, ಮಣಿಕಟ್ಟನ್ನು ಅಲುಗಿಸದೆ, ತೋಳಿನಿಂದಲೇ ಎಳೆದರು. ಎಳೆಯುವಾಗ ಕುಂಚದ ತುದಿಯನ್ನು ನೋಡುತ್ತಿರಲಿಲ್ಲ, ಒಂದು ಗೇಣು ಮುಂದೆ ಗೆರೆ ತಲುಪಬೇಕಾದ ಜಾಗವನ್ನು ನೋಡುತ್ತಿದ್ದರು. ನಡುವೆ ಮಾತಾಡಿಸಲು ಹೋದ ಮೇಸ್ತ್ರಿಗೆ ಕಣ್ಣಿನಲ್ಲೇ ಗದರಿದರು. ಎಡಗಡೆಯ ಗೆರೆಗೂ ಬಲಗಡೆಯದಕ್ಕೂ ಸಣ್ಣ ವ್ಯತ್ಯಾಸವಿದೆ. ಇರಬೇಕಾದದ್ದೇ.

ಹಳೆಯ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಐವತ್ತು ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ ಬದಲಾಗಿರಬಾರದು, ಆಗ ವಿಂಟೇಜ್ ಎಂದು ನೋಂದಣಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ನನಗೆ ಹುಣಸೂರಿಗೆ ಹೋಗಿ ಬರಬೇಕು, ಆ ಗೌರವ ಬೇಡ.

ಟೂಲ್ ಬಾಕ್ಸ್ ಮುಚ್ಚಳದ ಒಳಬದಿಗೆ ಬಣ್ಣ ಹೊಡೆಸಿಲ್ಲ. ಮುಂದೆ ಯಾರಾದರೂ ನನ್ನ ಮರೂನನ್ನು ಅನುಮಾನಿಸಿದರೆ ಮುಚ್ಚಳ ತೆಗೆದು ನೋಡಲಿ. ಬಾಕಿ ಇರುವುದು ಸೈಲೆನ್ಸರ್. ಈಗ ಹಾಕಿರುವ ಜೋಡಿ ಹೊಸದಾಗಿ ಮಾಡಿದ್ದು, ಹೊಳಪು ಚೆನ್ನಾಗಿದೆ, ಆಕಾರದಲ್ಲಿ ತುದಿ ಬೇಗ ಸಣ್ಣದಾಗುತ್ತದೆ. ಹಳೆಯ ಜೋಡಿ ಒಂದು ಗುಜರಿಯಲ್ಲಿದೆ ಎಂದು ಮೇಸ್ತ್ರಿ ಹೇಳುತ್ತಿದ್ದಾರೆ, ಒಂದಕ್ಕೆ ನೆಗ್ಗು ಬಿದ್ದಿದೆಯಂತೆ. ಬರುವ ಭಾನುವಾರ ಕ್ಲಿನಿಕ್ಕಿಗೆ ರಜೆ, ಹೋಗಿ ನೋಡಬೇಕು.