‘ಓದು ಬಿಟ್ಟು ಬಿಲ್ಡಿಂಗ್ ಕೆಲಸಕ್ಕೆ ಸೇರಿದ್ದೀಯಂತೆ?’

ನಾಲ್ಕು ವರ್ಷದಿಂದ ಇದೇ ಪ್ರಶ್ನೆ. ಮದುವೆ ಮನೆಯಲ್ಲಿ, ಕನ್ನಡದವರು ಸೇರುವ ಹಬ್ಬದ ಊಟದಲ್ಲಿ, ಹಾಸನದಿಂದ ಬರುವ ವಾಟ್ಸ್ಆ್ಯಪ್ ಕರೆಯಲ್ಲಿ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೆ ಒಂದು ಸಲ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಓದು ಬಿಟ್ಟಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಂದು ಕಟ್ಟಡ ಕಂಪನಿಯಲ್ಲಿ ಡಿಗ್ರಿ ಅಪ್ರೆಂಟಿಸ್ ಆಗಿದ್ದೇನೆ. ವಾರಕ್ಕೆ ನಾಲ್ಕು ದಿನ ಕೆಲಸ, ಒಂದು ದಿನ ಯೂನಿವರ್ಸಿಟಿ, ಒಟ್ಟು ಐದು ವರ್ಷ. ಕಲಿಯುವುದು ಕಮರ್ಷಿಯಲ್ ಮ್ಯಾನೇಜ್‌ಮೆಂಟ್, ಅಂದರೆ ಕಟ್ಟಡದಲ್ಲಿ ಆದ ಕೆಲಸ ಅಳೆದು ಅದರ ದುಡ್ಡಿನ ಲೆಕ್ಕ ನೋಡುವುದು. ಕೊನೆಗೆ ಸಿಗುವುದು ಬಿಎಸ್ಸಿ ಆನರ್ಸ್. ದಿನಾ ಕಾಲೇಜಿಗೆ ಹೋಗುವವರಿಗೂ ಅದೇ ಡಿಗ್ರಿ, ನನಗೂ ಅದೇ. ನಾನು ಸೇರಿದ 2021ರಲ್ಲಿ ಇಲ್ಲಿನ ಮಕ್ಕಳಿಗೆ ಫೀಸು ವರ್ಷಕ್ಕೆ 9,250 ಪೌಂಡ್ ಇತ್ತು. ನಾನು ಒಂದು ಪೌಂಡೂ ಕಟ್ಟಿಲ್ಲ, ಮೇಲೆ ತಿಂಗಳಿಗೆ ಸಂಬಳ ಬರುತ್ತದೆ. ಸಂಬಳಕ್ಕೆಂದೇ ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಜಾಸ್ತಿ ಖರ್ಚು ಮಾಡುವ ಕಂಪನಿಗಳು 2017ರಿಂದ ಶೇ 0.5ರ ಲೆಕ್ಕದಲ್ಲಿ ಅಪ್ರೆಂಟಿಸ್ ತೆರಿಗೆ ಕಟ್ಟುತ್ತವೆ. ನನ್ನ ಫೀಸು ಹೋಗುವುದು ಆ ದುಡ್ಡಿನಲ್ಲಿ.

‘ಮಾರ್ಕ್ಸ್ ಕಮ್ಮಿ ಬಂತಾ?’ ಇಲ್ಲ. ಮೂರು ಯೂನಿವರ್ಸಿಟಿಯವರು ಸೀಟು ಕೊಟ್ಟಿದ್ದರು. ಅವನ್ನು ಬಿಟ್ಟು, ಒಂದು ಪರೀಕ್ಷೆ, ಎರಡು ಇಂಟರ್‌ವ್ಯೂ ಮುಗಿಸಿ ಇದಕ್ಕೆ ಸೇರಿದೆ.

‘ನಮ್ಮ ಹುಡುಗನನ್ನೂ ಅಲ್ಲಿಗೆ ಸೇರಿಸಿಬಿಡಮ್ಮ.’ ಆಗುವುದಿಲ್ಲ. ಸ್ಟೂಡೆಂಟ್ ವೀಸಾ ಮೇಲೆ ಬಂದವರಿಗೆ ಇದು ಸಿಗುವುದಿಲ್ಲ. ಅಮ್ಮ ನರ್ಸ್ ಆಗಿ ಇಲ್ಲಿಗೆ ಬಂದಾಗ ನಾನು ಚಿಕ್ಕವಳು, ಇಲ್ಲೇ ಸ್ಕೂಲು ಮುಗಿಸಿದೆ. ಹಾಗಾಗಿ ನನಗೆ ಸಿಕ್ಕಿತು. ಏಜೆಂಟ್ ಯಾರಾದರೂ ಮಾಡಿಸಿಕೊಡುತ್ತೇನೆ ಅಂದರೆ ದುಡ್ಡು ಕೊಡಬೇಡಿ.

ನನಗೆ ಬೇಜಾರು ತರಿಸಿದ್ದು ಎರಡು ವರ್ಷದ ಹಿಂದಿನ ಯುಗಾದಿ ಊಟ. ಹೋಳಿಗೆ ಬಡಿಸುವ ಹೊತ್ತು. ಎದುರು ಕೂತಿದ್ದ ಅಂಕಲ್ ಒಬ್ಬರು ಅಮ್ಮನನ್ನು ಕೇಳಿದರು, ‘ಮಗಳು ಏನು ಮಾಡ್ತಾಳೆ?’ ಅಮ್ಮ ಖುಷಿಯಿಂದಲೇ ಹೇಳಿದರು, ‘ಸರ್ವೇಯರ್ ಆಗೋಕೆ ಓದ್ತಾ ಇದಾಳೆ, ಅಪ್ರೆಂಟಿಸ್.’ ಅಂಕಲ್ ಕಣ್ಣ ಮುಂದೆ ಸರಪಳಿ ಹಿಡಿದು ಹೊಲದ ಬದು ಅಳೆಯುವ ತಾಲ್ಲೂಕು ಆಫೀಸಿನ ಸರ್ವೇಯರ್ ಬಂದಿರಬೇಕು. ‘ಅಯ್ಯೋ, ಇಷ್ಟು ದೂರ ಬಂದು ಅದಾ? ಅಪ್ರೆಂಟಿಸ್ ಅಂದ್ರೆ ಐಟಿಐ ಹುಡುಗ್ರು ಮಾಡೋದಲ್ವಾ?’ ಅಂದರು. ಅಮ್ಮ ಏನೂ ಹೇಳಲಿಲ್ಲ. ಎಲೆಯ ಮೇಲಿನ ಕೋಸಂಬರಿಯನ್ನು ಬೆರಳಲ್ಲಿ ಆಚೆ ಈಚೆ ಸರಿಸುತ್ತಾ ಕೂತರು. ರಾತ್ರಿ ಪಾಳಿ ಮುಗಿಸಿ, ಎರಡೇ ಗಂಟೆ ಮಲಗಿ, ಆ ಊಟಕ್ಕೆ ಬಂದಿದ್ದರು.

ಐಟಿಐ ಹುಡುಗರಲ್ಲಿ ಏನು ಕಮ್ಮಿ ಇದೆ? ಲೇತ್ ಮುಂದೆ ನಿಂತು ಕಲಿತವರು ಅವರು. ಸರ್ವೇಯರ್‌ನಲ್ಲಿ ಏನು ಕಮ್ಮಿ? ಬದು ಒಂದು ಗೇಣು ಆಚೀಚೆ ಆದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಅವತ್ತು ಇದನ್ನೆಲ್ಲ ಹೇಳಬೇಕಿತ್ತು. ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಆ ಅಂಕಲ್ ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಂಜೆವರೆಗೂ ಮಾತಾಡುತ್ತಿದ್ದೆ. ‘ನೀನು ಅಳೆಯದಿದ್ದರೆ ಯಾರ ದುಡ್ಡು ಹೋಗುತ್ತೆ?’

ನನ್ನ ತಾತ ಗಾರೆ ಮೇಸ್ತ್ರಿ. ನಾನು ಹುಟ್ಟುವ ಮೊದಲು ಒಂದು ಶಾಲೆಯ ಕಾಂಪೌಂಡ್ ಕೆಲಸ ಹಿಡಿದಿದ್ದರು. ಒಂದು ಕಡೆ ಹಳೇ ಗುಂಡಿ ಮುಚ್ಚಿದ ಜಾಗ, ಮಣ್ಣು ಮೆತ್ತಗಿತ್ತು. ಗೋಡೆ ನಿಲ್ಲಬೇಕಲ್ಲ ಅಂತ ನಕ್ಷೆಯಲ್ಲಿ ಇದ್ದದ್ದಕ್ಕಿಂತ ಎರಡಡಿ ಆಳಕ್ಕೆ ಪಾಯ ತೆಗೆಸಿ ಸೈಜುಗಲ್ಲು ಕೂರಿಸಿದರು. ಮಳೆ ಬರುವ ಹಾಗಿತ್ತು, ಮಣ್ಣು ಎಳೆದು ಮುಚ್ಚಿದರು. ಇಂಜಿನಿಯರ್ ಬಂದದ್ದು ಆಮೇಲೆ. ಆದ ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕದಲ್ಲಿ ನಕ್ಷೆಯ ಆಳವನ್ನೇ ಬರೆದರು. ‘ಕಾಣದೇ ಇರೋದನ್ನ ಹೆಂಗ್ ಬರೀಲಿ ಮೇಸ್ತ್ರಿ?’ ಅಂದರಂತೆ. ಹೆಚ್ಚಿನ ಎರಡಡಿಗೆ ದುಡ್ಡು ಬರಲಿಲ್ಲ. ಆ ವಾರದ ಬಟವಾಡೆಗೆ ತಾತ ಎಮ್ಮೆ ಮಾರಿದರು. ಗೋಡೆ ಮಾತ್ರ ಇವತ್ತಿಗೂ ಬಿರುಕು ಬಿಟ್ಟಿಲ್ಲ.

ಈಗ ನನ್ನ ಸೈಟು. ಎರಡನೇ ವರ್ಷದ ಫೆಬ್ರವರಿ, ಬೂಟಿನ ತುಂಬ ಕೆಸರು. ಪಾಯದ ಕಾಲುವೆಯಲ್ಲಿ 14 ಮೀಟರ್ ಉದ್ದಕ್ಕೆ ಜೇಡಿ ಮಣ್ಣು ಮೆತ್ತಗೆ ಸಿಕ್ಕಿತು. ಇನ್ನೂ 600 ಮಿಲಿಮೀಟರ್ ತೆಗೆಯಿರಿ ಅಂತ ಇಂಜಿನಿಯರ್ ಹೇಳಿದರು. ಅಗೆಯುವ ಕಂಟ್ರಾಕ್ಟರ್ ತೆಗೆಸಿದ. ಕಾಂಕ್ರೀಟ್ ಲಾರಿ ಗೇಟಿನಲ್ಲಿ ನಿಂತಿತ್ತು. ಎಲ್ಲರಿಗೂ ಅವಸರ. ನನಗೆ ತಾತನ ಗೋಡೆ ನೆನಪಾಯಿತು. ‘ಹತ್ತು ನಿಮಿಷ’ ಅಂದೆ. ಅಂಚಿನಲ್ಲಿ ನಿಂತು ಅಳತೆ ಕೋಲು ಇಳಿಸಿದೆ. ಪ್ರತಿ ಎರಡು ಮೀಟರಿಗೆ ಒಂದು ಫೋಟೋ, ಕೋಲಿನ ಮೇಲಿನ ಅಂಕಿ ಕಾಣುವ ಹಾಗೆ. 14 ಮೀಟರ್ ಉದ್ದ, 0.75 ಅಗಲ, 0.6 ಆಳ: 6.3 ಕ್ಯೂಬಿಕ್ ಮೀಟರ್. ಅಷ್ಟು ಮಣ್ಣು ತೆಗೆದದ್ದು, ಅಷ್ಟು ಸಾಗಿಸಿದ್ದು, ಅಷ್ಟು ಕಾಂಕ್ರೀಟ್ ತುಂಬಬೇಕಾದ್ದು. ಚೀಟಿ ಬರೆದು ಇಬ್ಬರ ಸಹಿ ಹಾಕಿಸಿದೆ. ಆಮೇಲೆ ಲಾರಿ ಒಳಗೆ ಬಂತು. ಇಪ್ಪತ್ತು ನಿಮಿಷದಲ್ಲಿ ಆ ಆಳ ಯಾರ ಕಣ್ಣಿಗೂ ಕಾಣದ ಹಾಗಾಯಿತು.

ಇಂಜಿನಿಯರ್ ಮಾತನ್ನು ಲಿಖಿತದಲ್ಲಿ ತರಿಸಿದೆವು, ಆ ತಿಂಗಳ ಬಿಲ್ಲಿನಲ್ಲೇ ಸೇರಿಸಿದೆವು. ಮಾಲೀಕರ ಕಡೆಯವರು ಪ್ರಶ್ನೆ ಮಾಡಿದರು, ಫೋಟೋ ನೋಡಿ ಒಪ್ಪಿದರು. ಅಗೆದವನಿಗೆ ದುಡ್ಡು ಸಿಕ್ಕಿತು. ಕಮರ್ಷಿಯಲ್ ಮ್ಯಾನೇಜ್‌ಮೆಂಟ್ ಅಂದರೆ ಇದೇ ಕೆಲಸ. ಮಾಡಿದ ಕೆಲಸವನ್ನು ಅಳೆಯುವುದು, ಒಪ್ಪಂದ ಓದುವುದು, ದುಡ್ಡು ಸರಿಯಾದ ಕೈಗೆ ಹೊತ್ತಿಗೆ ಸರಿಯಾಗಿ ತಲುಪುವ ಹಾಗೆ ನೋಡಿಕೊಳ್ಳುವುದು. ಇಲ್ಲಿ ಇದಕ್ಕೆ 1996ರಲ್ಲಿ ಕಾನೂನೇ ಆಗಿದೆ. ‘ನನಗೆ ಮೇಲಿಂದ ಬಂದ ಮೇಲೆ ನಿನಗೆ ಕೊಡ್ತೀನಿ’ ಅಂತ ಒಪ್ಪಂದದಲ್ಲಿ ಬರೆಯುವ ಹಾಗಿಲ್ಲ, ಮೇಲಿನವರು ದಿವಾಳಿ ಆದ ಸಂದರ್ಭ ಬಿಟ್ಟು. ಹಾಗಂತ ಎಲ್ಲ ಸರಿಯಾಗಿದೆ ಅಂತಲ್ಲ. 2018ರ ಜನವರಿಯಲ್ಲಿ ಕ್ಯಾರಿಲಿಯನ್ ಎಂಬ ದೊಡ್ಡ ಕಂಪನಿ ಮುಳುಗಿದಾಗ, ಅದರ ಕೆಳಗೆ ಕೆಲಸ ಮಾಡಿದ್ದ ಸಣ್ಣ ಸಣ್ಣ ಕಂಪನಿಗಳ ಬಿಲ್ಲು ಹಾಗೇ ಉಳಿಯಿತು. ಕ್ಲಾಸಿನಲ್ಲಿ ಆ ಪಾಠ ಆದ ದಿನ ಬಸ್ಸಿನಲ್ಲಿ ಕೂತು ಎಮ್ಮೆಯ ಬಗ್ಗೆಯೇ ಯೋಚಿಸಿದೆ.

ಕಷ್ಟ ಇಲ್ವಾ ಅಂದರೆ, ಇದೆ. ಗೆಳತಿಯರು ಹಾಸ್ಟೆಲಿನಲ್ಲಿ ನಗುತ್ತಾ ಕಳೆದ ಮೂರು ವರ್ಷ ನನಗೆ ಸಿಗಲಿಲ್ಲ. ಬೆಳಿಗ್ಗೆ ಏಳೂವರೆಗೆ ಸೈಟು, ರಾತ್ರಿ ಅಸೈನ್‌ಮೆಂಟು. ಡಿಗ್ರಿ ಆದ ಮೇಲೂ ಸರ್ವೇಯರ್‌ಗಳಿಗೆ ಮಾನ್ಯತೆ ಕೊಡುವ ಆರ್‌ಐಸಿಎಸ್ ಸಂಸ್ಥೆಯವರ ಮುಂದೆ ಕೂತು, ನಾನು ಮಾಡಿದ ಕೆಲಸವನ್ನು ಸಮರ್ಥಿಸಿಕೊಳ್ಳಬೇಕು. ಅದು ಪಾಸಾದರೆ ಚಾರ್ಟರ್ಡ್ ಸರ್ವೇಯರ್. ಈ 6.3 ಕ್ಯೂಬಿಕ್ ಮೀಟರ್ ಕಥೆಯನ್ನೂ ಅವರಿಗೆ ಹೇಳಬೇಕು ಅಂತಿದ್ದೇನೆ.

ತಾತನಿಗೆ ಫೋಟೋ ಕಳಿಸಿದ್ದೆ. ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರಂತೆ. ಡಿಗ್ರಿ ಬಗ್ಗೆ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ‘ಆ ಮೂಲೇಲಿ ನೀರು ನಿಂತದಲ್ಲ ಮಗ, ತೆಗೆಸಿದ್ರಾ?’ ಅಂದರು.

ತೆಗೆಸಿದ್ದೆವು, ತಾತ. ಪಂಪ್ ಓಡಿದ ಗಂಟೆಯೂ ಚೀಟಿಯಲ್ಲಿದೆ.