ಹೊಸ ಮುದ್ರಣ ಇರುವಾಗ ಆ ಹರಕಲು ಕೋನನ್ ಏಕೆ?

ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತವರು ಕೇಳುವ ಪ್ರಶ್ನೆ ಬಹುಪಾಲು ಒಂದೇ. "ಇವೆಲ್ಲ ಈಗ ಒಳ್ಳೆಯ ಕಾಗದದ ಮೇಲೆ ದಪ್ಪ ಸಂಪುಟಗಳಾಗಿ ಬಂದಿವೆಯಲ್ಲ, ಈ ಹಳದಿ ಹಾಳೆಯ, ಬೆನ್ನು ಒಡೆದ ಪುಸ್ತಕಗಳನ್ನು ಏಕೆ ಇಟ್ಟುಕೊಂಡಿದ್ದೀರಿ?" ಇವೆಲ್ಲ ಎಂದರೆ ಕತ್ತಿ ಹಿಡಿದವರು ಮಾಂತ್ರಿಕರನ್ನು ಎದುರಿಸುವ ಅಮೆರಿಕದ ಸಾಹಸಕಥೆಗಳು, ಮುಖ್ಯವಾಗಿ ಕೋನನ್ ಎಂಬ ಅನಾಗರಿಕ ಯೋಧನ ಮೇಲೆ 1960-70ರ ದಶಕಗಳಲ್ಲಿ ಬಂದ ಪೇಪರ್‌ಬ್ಯಾಕ್‌ಗಳು, ಕಾಮಿಕ್ಸ್‌ಗಳು. ಕೇಳುವವರು ಸಾಮಾನ್ಯವಾಗಿ ಉತ್ತರವನ್ನೂ ತಾವೇ ತಂದಿರುತ್ತಾರೆ: "ಹಳೆಯದರ ಹಳಹಳಿಕೆ, ಅಲ್ಲವೇ?"

ಹಳಹಳಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಓದುವುದಕ್ಕಾಗಿಯೇ ಕೊಳ್ಳುವುದಾದರೆ ಹೊಸದನ್ನೇ ಕೊಳ್ಳಿ. ಕೋನನ್‌ನನ್ನು ಸೃಷ್ಟಿಸಿದ ರಾಬರ್ಟ್ ಇ. ಹೋವರ್ಡ್ ಟೆಕ್ಸಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ ಕುಳಿತು ಬರೆಯುತ್ತಿದ್ದವನು. ಮೊದಲ ಕೋನನ್ ಕಥೆ 'ವಿಯರ್ಡ್ ಟೇಲ್ಸ್' ಪತ್ರಿಕೆಯ 1932ರ ಡಿಸೆಂಬರ್ ಸಂಚಿಕೆಯಲ್ಲಿ ಬಂತು. 1936ರಲ್ಲಿ, ಮೂವತ್ತನೆಯ ವಯಸ್ಸಿಗೇ ಆತ ತೀರಿಕೊಂಡ. ಮೂವತ್ತು ವರ್ಷಗಳ ನಂತರ, 1966ರಲ್ಲಿ, ಲ್ಯಾನ್ಸರ್ ಎಂಬ ಪ್ರಕಾಶನ ಸಂಸ್ಥೆ ಈ ಕಥೆಗಳನ್ನು ಅಗ್ಗದ ಪೇಪರ್‌ಬ್ಯಾಕ್‌ಗಳಾಗಿ ತಂದಾಗ ಸಂಪಾದಕರಾದ ಎಲ್. ಸ್ಪ್ರಾಗ್ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಅಲ್ಲಲ್ಲಿ ವಾಕ್ಯಗಳನ್ನು ತಿದ್ದಿದರು, ಅರ್ಧಕ್ಕೆ ನಿಂತಿದ್ದ ಕಥೆಗಳನ್ನು ಮುಗಿಸಿದರು, ತಾವೇ ಹೊಸ ಕಥೆಗಳನ್ನೂ ಸೇರಿಸಿದರು. ಅಫ್ಘಾನಿಸ್ತಾನದಲ್ಲಿ ನಡೆಯುವ, ಹೋವರ್ಡ್ ಬರೆದಿದ್ದ ಬಂದೂಕುಗಾರನೊಬ್ಬನ ಕಥೆಯನ್ನು ಡಿ ಕ್ಯಾಂಪ್ ಮೊದಲೇ ಕೋನನ್ ಕಥೆಯಾಗಿ ಮಾರ್ಪಡಿಸಿ ಇಟ್ಟಿದ್ದರು. ಅದೂ ಈ ಸಾಲಿಗೆ ಸೇರಿತು. 2003ರಿಂದ ಡೆಲ್ ರೇ ಎಂಬ ಪ್ರಕಾಶನ ತಂದ ಸಂಪುಟಗಳಲ್ಲಿ ಈ ಕೈವಾಡ ಯಾವುದೂ ಇಲ್ಲ, ಹೋವರ್ಡ್ ಬರೆದದ್ದಷ್ಟೇ ಇದೆ. ಪಠ್ಯದ ಮಟ್ಟಿಗೆ ಹಳೆಯ ಪುಸ್ತಕ ಸೋತಿದೆ; ಇದರಲ್ಲಿ ವಾದವೇ ಇಲ್ಲ.

ಹಾಗಾದರೆ ಉಳಿದದ್ದೇನು? ನನ್ನ ಉತ್ತರ: ಕ್ರಮಗೇಡು.

ಡಿ ಕ್ಯಾಂಪ್‌ಗೆ ಅಚ್ಚುಕಟ್ಟಿನ ಹುಚ್ಚು. ಕೋನನ್ ಹುಟ್ಟಿ, ಕಳ್ಳನಾಗಿ, ಕೂಲಿ ಸೈನಿಕನಾಗಿ, ಕಡಲ್ಗಳ್ಳನಾಗಿ, ಕೊನೆಗೆ ಅಕ್ವಿಲೋನಿಯಾ ಎಂಬ ಕಾಲ್ಪನಿಕ ದೇಶದ ರಾಜನಾಗುವವರೆಗೆ ಒಂದು ಜೀವನಚರಿತ್ರೆಯನ್ನೇ ಕಟ್ಟಿ ಸಂಪುಟಗಳನ್ನು ಅದರ ಪ್ರಕಾರ ಸಾಲಾಗಿ ಜೋಡಿಸಿದರು. ಕಥೆ ಕಥೆಗಳ ನಡುವೆ ಕೊಂಡಿಯಾಗಿ ಪುಟ್ಟ ಟಿಪ್ಪಣಿಗಳನ್ನೂ ಬರೆದರು. ಆದರೆ ಪುಸ್ತಕಗಳು ಅಚ್ಚಾಗಿ ಬಂದದ್ದು ಆ ಸಾಲಿನಲ್ಲಿ ಅಲ್ಲ. 1967ರಲ್ಲೇ ಕೋನನ್ ರಾಜನಾಗಿದ್ದಾನೆ, 1968ರಲ್ಲಿ ಮತ್ತೆ ಅಲೆಮಾರಿ. 1973ರಲ್ಲಿ ಲ್ಯಾನ್ಸರ್ ದಿವಾಳಿಯಾಯಿತು. ಹನ್ನೆರಡನೆಯ ಸಂಪುಟ ಏಸ್ ಎಂಬ ಬೇರೆ ಪ್ರಕಾಶನದಿಂದ ಹೊರಬರುವಷ್ಟರಲ್ಲಿ 1977 ಆಗಿತ್ತು. ಇನ್ನು ನಮ್ಮಂಥವರ ಪಾಡು ಕೇಳುವುದೇ ಬೇಡ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ಎಂಜಿನಿಯರಿಂಗ್ ಗೈಡುಗಳ ಅಡಿಯಲ್ಲಿ ಯಾವ ಸಂಪುಟ ಸಿಕ್ಕಿತೋ ಅದೇ ಮೊದಲನೆಯದು. ರಾಜನ ಮುಪ್ಪನ್ನು ಓದಿ ಎಷ್ಟೋ ಕಾಲದ ಮೇಲೆ ಅವನ ಹರೆಯ ಕೈಗೆ ಬರುತ್ತಿತ್ತು. ನಡುವೆ ಏನಾಯಿತೆಂದು ಹೇಳುವವರಿಲ್ಲ. ಮೊದಲ ಪುಟಗಳ ನಕ್ಷೆ ನೋಡಿ ನಾವೇ ಊಹಿಸಿಕೊಳ್ಳಬೇಕಿತ್ತು.

ತಮಾಷೆಯೆಂದರೆ ಹೋವರ್ಡ್‌ಗೆ ಬೇಕಾಗಿದ್ದದ್ದೂ ಇದೇ. ಅಚ್ಚಾದ ಮೊದಲ ಕಥೆಯಲ್ಲೇ ಕೋನನ್ ಸಿಂಹಾಸನದ ಮೇಲಿದ್ದಾನೆ. ಕಳ್ಳತನದ ದಿನಗಳು ಆಮೇಲೆ. ಕೋನನ್ ತನ್ನ ಸಾಹಸಗಳನ್ನು ನೆನಪಾದ ಹಾಗೆ ಹೇಳುತ್ತಿದ್ದಾನೆ, ತಾನು ಬರೆದುಕೊಳ್ಳುತ್ತಿದ್ದೇನೆ, ಆದ್ದರಿಂದಲೇ ಕಾಲಕ್ರಮವಿಲ್ಲ ಎಂಬ ಅರ್ಥದ ಮಾತನ್ನು ಆತ 1936ರ ಪತ್ರವೊಂದರಲ್ಲಿ ಬರೆದಿದ್ದಾನೆ. ಜಗಲಿಯ ಮೇಲೆ ಕುಳಿತ ಅಜ್ಜ ತನ್ನ ಕಥೆಯನ್ನು ಇಸವಿಯ ಪ್ರಕಾರ ಹೇಳುತ್ತಾನೆಯೇ? ಸಂಪಾದಕರು ಕಷ್ಟಪಟ್ಟು ಕಟ್ಟಿದ ಸಾಲನ್ನು ಹಳೆಯ ಪುಸ್ತಕದ ವ್ಯಾಪಾರಿ ತನಗರಿವಿಲ್ಲದೆಯೇ ಕೆಡವಿ, ಲೇಖಕನ ಉದ್ದೇಶಕ್ಕೆ ಮರಳಿಸುತ್ತಿದ್ದ. ಸಂಪೂರ್ಣ ಸಂಪುಟ ಮನೆಬಾಗಿಲಿಗೆ ಬಂದು ಬೀಳುವ ಕಾಲದಲ್ಲಿ ಇಲ್ಲವಾಗಿರುವುದು ಈ ಸುಖ.

ಮುಖಪುಟಗಳ ಬಗ್ಗೆ ಹೇಳದೆ ಹೋದರೆ ಅಭಿಮಾನಿಗಳು ನನ್ನನ್ನು ಬಿಡಲಿಕ್ಕಿಲ್ಲ. ಲ್ಯಾನ್ಸರ್‌ನ ಮೊದಲ ಪುಸ್ತಕಕ್ಕೆ ಬ್ರೂಕ್ಲಿನ್‌ನ ಫ್ರಾಂಕ್ ಫ್ರಜೆಟಾ ಬರೆದ ಚಿತ್ರದಲ್ಲಿ ಕೋನನ್ ಹೆಣಗಳ ಗುಡ್ಡೆಯ ಮೇಲೆ ಕತ್ತಿಯೂರಿ ನಿಂತಿದ್ದಾನೆ. ಅವನ ಕಾಲಿಗೆ ಆತುಕೊಂಡ ಒಬ್ಬ ಹೆಂಗಸು. ಜನ ಕಥೆಗಿಂತ ಮೊದಲು ಕೊಂಡದ್ದು ಆ ಚಿತ್ರವನ್ನು. ಫ್ರಜೆಟಾ ಜಾಣ, ಮೂಲ ಚಿತ್ರಗಳನ್ನು ಪ್ರಕಾಶಕರಿಂದ ಹಿಂದಕ್ಕೆ ಪಡೆಯುತ್ತಿದ್ದ. ಮತ್ತೊಂದು ಕೋನನ್ ಮುಖಪುಟದ ಮೂಲ 2009ರಲ್ಲಿ 10 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಕಾಮಿಕ್ಸ್ ಶುರುವಾದದ್ದು ಜಿಪುಣತನದಲ್ಲಿ. 1970ರಲ್ಲಿ ಮಾರ್ವೆಲ್‌ನ ರಾಯ್ ಥಾಮಸ್ ಕೋನನ್‌ನ ಹಕ್ಕುಗಳಿಗಾಗಿ ಸಂಚಿಕೆಗೆ 200 ಡಾಲರ್ ಕೊಡುತ್ತೇವೆಂದು ಒಪ್ಪಿಕೊಂಡರು. ಮೇಲಿನವರು ಒಪ್ಪಿದ್ದಕ್ಕಿಂತ ಅದು ಹೆಚ್ಚು. ಹಾಗಾಗಿ ದುಬಾರಿ ಚಿತ್ರಕಾರ ಜಾನ್ ಬುಸೆಮಾ ಕೈಗೆಟುಕಲಿಲ್ಲ. ಇಂಗ್ಲೆಂಡಿನ ಎಳೆಯ ಹುಡುಗ ಬ್ಯಾರಿ ಸ್ಮಿತ್‌ಗೆ ಕೆಲಸ ಸಿಕ್ಕಿತು. ಮೊದಮೊದಲು ಅವನ ಗೆರೆ ಸಾಧಾರಣ. ಎರಡು ವರ್ಷ ಕಳೆಯುವಷ್ಟರಲ್ಲಿ ಗೋಡೆಯ ಒಂದೊಂದು ಕಲ್ಲನ್ನೂ ಬಳ್ಳಿಯ ಒಂದೊಂದು ಎಲೆಯನ್ನೂ ಬಿಡಿಸತೊಡಗಿದ್ದ. ಬುಸೆಮಾ ಬಂದದ್ದು ಅವನ ನಂತರ.

1974ರಲ್ಲಿ ಶುರುವಾದ ಕಪ್ಪು-ಬಿಳುಪಿನ 'ಸ್ಯಾವೇಜ್ ಸೋರ್ಡ್ ಆಫ್ ಕೋನನ್' ನನ್ನ ಪಕ್ಷಪಾತದ ಪತ್ರಿಕೆ. ಅದು ದೊಡ್ಡ ಆಕಾರದ್ದು, ಕಾಮಿಕ್ಸ್ ಸೆನ್ಸಾರ್ ಸಂಹಿತೆಯ ಹಂಗಿಲ್ಲದ್ದು. ಬುಸೆಮಾನ ಪೆನ್ಸಿಲ್ ಗೆರೆಗಳ ಮೇಲೆ ಫಿಲಿಪ್ಪೀನ್ಸ್‌ನ ಆಲ್ಫ್ರೆಡೊ ಅಲ್ಕಾಲಾ ಮಸಿ ಹಾಕಿದ ಪುಟಗಳನ್ನು ಭೂತಗನ್ನಡಿ ಹಿಡಿದು ನೋಡಬೇಕು. ಕತ್ತಲೆ ಎಂದು ಕಾಣುವುದು ಕತ್ತಲೆಯಲ್ಲ. ಒಂದನ್ನೊಂದು ಅಡ್ಡಹಾಯುವ ಕೂದಲೆಳೆಯಂಥ ಸಾವಿರಾರು ಗೆರೆಗಳು. ಈ ಜೋಡಿ ಚಿತ್ರಿಸಿದ, ಹೋವರ್ಡ್‌ನ ಒಂದು ದೀರ್ಘ ಕಥೆ ನಡೆಯುವುದು ವೆಂಧ್ಯ ಎಂಬ ದೇಶದಲ್ಲಿ. ರಾಜಧಾನಿ ಅಯೋಧ್ಯೆ, ರಾಜನ ಹೆಸರು ಭುಂಡ ಚಂದ್, ಅವನ ತಂಗಿ 'ದೇವಿ' ಯಾಸ್ಮಿನಾ, ಉತ್ತರಕ್ಕೆ ಹಿಮೇಲಿಯನ್ ಪರ್ವತಗಳು! ಹೋವರ್ಡ್ ಭಾರತದ ಕಡೆ ಕಾಲಿಟ್ಟವನೇ ಅಲ್ಲ. ನಗು ಬರದಿದ್ದರೆ ಹೇಗೆ? ಆದರೆ ಸಾಯುತ್ತಿರುವ ರಾಜನ ಮಂಚದ ಬಳಿ ಶುರುವಾಗುವ ಆ ಕಥೆಯನ್ನು ನಡುವೆ ಕೆಳಗಿಡುವುದು ಕಷ್ಟ.

ನಗು ಬರದ ಸಂಗತಿಗಳೂ ಇವೆ. ಕಪ್ಪು ಜನರ ಬಗ್ಗೆ ಹೋವರ್ಡ್ ಬರೆದ ಕೆಲವು ಪುಟಗಳು ಅಸಹ್ಯ, ಕಾಲವೇ ಹಾಗಿತ್ತು ಎಂದು ತಳ್ಳಿಹಾಕುವಂಥವಲ್ಲ. ಹೆಂಗಸರು ಎಷ್ಟೋ ಮುಖಪುಟಗಳಲ್ಲಿ ಕಾಲ ಬಳಿಯೇ ಬಿದ್ದಿದ್ದಾರೆ. ಹಳೆಯದನ್ನು ಪ್ರೀತಿಸುವವರು ಇದನ್ನೂ ಎಣಿಸಿಯೇ ಪ್ರೀತಿಸಬೇಕು.

ಇಷ್ಟು ಹೇಳಿದ ಮೇಲೆ ಬರುವ ಮರುಪ್ರಶ್ನೆ: ಎಲ್ಲಿಂದ ಶುರು ಮಾಡಲಿ? 1933ರ 'ದಿ ಟವರ್ ಆಫ್ ದಿ ಎಲಿಫೆಂಟ್' ಓದಿ. ರತ್ನ ಕದಿಯಲು ಮಾಂತ್ರಿಕನ ಗೋಪುರ ಹತ್ತಿದ ಹುಡುಗ ಕೋನನ್‌ಗೆ ಒಳಗೆ ಸಿಗುವುದು ಆನೆಯ ತಲೆಯ ಒಂದು ಜೀವ. ಮೊದಲು ವಿಗ್ರಹವೆಂದುಕೊಳ್ಳುತ್ತಾನೆ. ನೋಡಿದರೆ ಕಣ್ಣು ಕಳೆದುಕೊಂಡ, ಹಿಂಸೆಯಿಂದ ಜರ್ಜರಿತವಾದ, ಬೇರೆ ಲೋಕದಿಂದ ಬಂದ ಸೆರೆಯಾಳು. ಆ ಹೊತ್ತು ಕೋನನ್‌ಗೆ ಆಗುವುದು ಭಯವಲ್ಲ, ಮರುಕ. ಗಣಪತಿಯನ್ನು ನೋಡುತ್ತ ಬೆಳೆದ ನಮಗೆ ಆ ದೃಶ್ಯ ಅಮೆರಿಕದ ಓದುಗನಿಗಿಂತ ಹೆಚ್ಚೇ ತಟ್ಟುತ್ತದೆ. ಇದನ್ನು ಸ್ಮಿತ್ 1971ರಲ್ಲಿ ಬಣ್ಣದಲ್ಲಿ ಚಿತ್ರಿಸಿದ, ಬುಸೆಮಾ-ಅಲ್ಕಾಲಾ 1977ರಲ್ಲಿ ಕಪ್ಪು-ಬಿಳುಪಿನಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನನ್ನ ಮತ ಎರಡನೆಯದಕ್ಕೆ. ಸ್ಮಿತ್‌ನ ಭಕ್ತರು ಜಗಳಕ್ಕೆ ಬರಬಹುದು.